ಕನ್ನಡದಲ್ಲಿ ಪತ್ತೇದಾರಿ ಕಥೆ

ಬೇಸಗೆಯ ರಜೆ ಬಂತೆಂದರೆ ಓದು ಬಲ್ಲ ಮನೆಗಳಲ್ಲಿ ಹೊಸ ಪುಸ್ತಕಗಳ ಮಾತು ಏಳುವುದು ವಾಡಿಕೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಕಾಲಿಡುವಂತಿಲ್ಲ. ಮಕ್ಕಳಿಗೆ ಪಾಠದ ಕಾಟವಿಲ್ಲ. ಹಿರಿಯರಿಗೂ ಕೊಂಚ ಬಿಡುವು. ಅಂಥ ಹೊತ್ತಿನಲ್ಲಿ ಹತ್ತು ವರ್ಷದ ಹುಡುಗನೂ ಅರುವತ್ತು ವರ್ಷದ ಅಜ್ಜನೂ ಒಂದೇ ಆಸಕ್ತಿಯಿಂದ ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ ಪತ್ತೇದಾರಿ ಕಾದಂಬರಿಗೆ ಮೊದಲ ಸ್ಥಾನ ಸಲ್ಲುತ್ತದೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲೆ, ಬೊಮ್ಮನಹಳ್ಳಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಇರುವ ಸಿಂಗಸಂದ್ರದಂತಹ ಊರಿನಲ್ಲಿ ಈ ಆಸೆಯನ್ನು ತೀರಿಸಲು ಮೊದಲು ಕೈಗೆ ಸಿಕ್ಕುವುದು ಇಂಗ್ಲಿಷ್ ಪುಸ್ತಕ. ಅಲ್ಲಿಯ ಕನ್ನಡದ ಮಕ್ಕಳು ಷೆರ್ಲಾಕ್ ಹೋಮ್ಸನನ್ನು ಬಲ್ಲರು, ಅಗಾಥಾ ಕ್ರಿಸ್ಟಿಯ ಹೆಸರನ್ನೂ ಕೇಳಿರುವರು. ಪತ್ತೇದಾರ ಪುರುಷೋತ್ತಮನೆಂಬವನೊಬ್ಬನು ಕನ್ನಡದಲ್ಲಿ ಇದ್ದನೆಂದರೆ ಆಶ್ಚರ್ಯಪಡುವರು. ಅವರ ಅಜ್ಜ ಅಜ್ಜಿಯರಲ್ಲಿ ಅನೇಕರು ಅವನ ಸಾಹಸಗಳನ್ನು ಪಠ್ಯಪುಸ್ತಕದೊಳಗೆ ಮುಚ್ಚಿಟ್ಟುಕೊಂಡು ಓದಿದವರು.

ಮುಚ್ಚಿಟ್ಟು ಓದಬೇಕಾಗಿ ಬಂದುದಕ್ಕೆ ಕಾರಣವುಂಟು. ಪತ್ತೇದಾರಿ ಕಾದಂಬರಿಯೆಂದರೆ ಹೊತ್ತುಗಳೆಯುವ ಸರಕು, ವಿದ್ಯಾರ್ಥಿಯ ಬುದ್ಧಿಯನ್ನು ಕೆಡಿಸುವಂಥದು, ಸಾಹಿತ್ಯವೆಂಬ ಹೆಸರಿಗೆ ಸಲ್ಲದುದು ಎಂಬ ತೀರ್ಮಾನ ಪಂಡಿತರಲ್ಲಿಯೂ ಉಪಾಧ್ಯಾಯರಲ್ಲಿಯೂ ಬಹುಕಾಲದಿಂದ ನೆಲೆಗೊಂಡಿದೆ. ಆದಕಾರಣವೇ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಇದಕ್ಕೆ ದೊರೆತಿರುವ ಜಾಗ ಬಹಳ ಸ್ವಲ್ಪ. ಈ ತೀರ್ಮಾನ ಎಷ್ಟರಮಟ್ಟಿಗೆ ನ್ಯಾಯವಾದುದು? ಸಾವಿರಾರು ಜನ ಓದಿದ ಈ ಬರಹ ಓದುಗರಿಗೆ ಮಾಡಿದ ಉಪಕಾರವೇನಾದರೂ ಉಂಟೆ? ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಡೆದುಹೋದ ಒಂದು ಕೃತ್ಯದ ನಿಜವನ್ನು ತಿಳಿಯುವ ಬಗೆ ಹೇಗೆಂಬ ವಿಷಯದಲ್ಲಿ ಜನರ ಮನಸ್ಸು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಆ ಬದಲಾವಣೆಯನ್ನು ಸಾಮಾನ್ಯ ಓದುಗನ ಮನೆಯ ಬಾಗಿಲಿಗೆ ತಂದು ಮುಟ್ಟಿಸಿದುದು ಪತ್ತೇದಾರಿ ಕಥೆಯೇ.

ಇದಕ್ಕೆ ದೃಷ್ಟಾಂತವನ್ನು ಸಿಂಗಸಂದ್ರದ ನೆರೆಯಲ್ಲಿಯೇ ಕಾಣಬಹುದು. ಈ ಊರು ಬೇಗೂರು ಹೋಬಳಿಗೆ ಸೇರಿದುದು. ಊರ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವೆಂಬುದು ‘ಸಮುದ್ರ’ವೆಂಬುದರ ಸವೆದ ರೂಪ, ಹಿಂದಿನವರು ದೊಡ್ಡ ಕೆರೆಗೆ ಸಮುದ್ರವೆಂದು ಹೆಸರಿಡುತ್ತಿದ್ದರು. ಸಿಂಗನೆಂಬವನ ಹೆಸರಿನ ಕೆರೆಯೊಂದು ಈ ಊರಿಗೆ ಮೂಲವೆಂಬುದನ್ನು ಹೆಸರೇ ಸೂಚಿಸುತ್ತದೆ. ಹೋಬಳಿಯ ಮುಖ್ಯ ಊರಾದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿನ ಶಾಸನವಿದೆ. ಕ್ರಿ. ಶ. ೮೯೦ರ ಸುಮಾರಿನದೆಂದು ಎಣಿಸಲಾಗಿರುವ ಆ ಶಾಸನದಲ್ಲಿ ಬೆಂಗಳೂರಿನ ಕಾಳಗದಲ್ಲಿ ಒಬ್ಬನು ಮಡಿದ ಸಂಗತಿ ಹೇಳಿದೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದು ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದುದರಿಂದ ಊರಿಗೆ ಬೆಂದಕಾಳೂರೆಂಬ ಹೆಸರು ಬಂತೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ವೀರಬಲ್ಲಾಳನು ಪಟ್ಟವೇರಿದುದು ೧೧೭೩ರಲ್ಲಿ. ಅವನು ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಂದೆಯೇ ಊರಿನ ಹೆಸರು ಕಲ್ಲಿನ ಮೇಲೆ ಇತ್ತೆಂದ ಮೇಲೆ ಕಥೆಯ ಗತಿಯೇನು? ಕಥೆ ಸೊಗಸಾದುದು, ತಲೆತಲಾಂತರದಿಂದ ಬಂದುದು, ಸಾವಿರ ಬಾಯಿಗಳಲ್ಲಿ ನಲಿದುದು. ಕಲ್ಲಾದರೊ ಒಂದೇ. ಆದರೂ ವಿವೇಕಿಗಳು ಕಲ್ಲಿನ ಸಾಕ್ಷ್ಯವನ್ನು ಒಪ್ಪುತ್ತಾರೆ. ಪತ್ತೇದಾರನ ಕೆಲಸದ ತಿರುಳು ಇಷ್ಟೇ.

ಈ ಬಗೆಯ ಮನೋಧರ್ಮ ಹಳಗನ್ನಡ ಸಾಹಿತ್ಯದಲ್ಲಿ ಎಷ್ಟರಮಟ್ಟಿಗೆ ಇತ್ತೆಂಬುದು ವಿಚಾರಾರ್ಹವಾದ ಸಂಗತಿ. ಕಳ್ಳರ ಕಥೆಗಳಿಗೇನೊ ಕೊರತೆಯಿಲ್ಲ. ವಡ್ಡಾರಾಧನೆಯಲ್ಲಿ ಬರುವ ವಿದ್ಯುಚ್ಚೋರನ ಕಥೆಯನ್ನೇ ತೆಗೆದುಕೊಳ್ಳಬಹುದು. ವಿದ್ಯುಚ್ಚೋರನು ಚೋರವಿದ್ಯೆಯಲ್ಲಿ ಪಾರಂಗತನು. ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ರಾತ್ರಿ ತನ್ನ ಕೌಶಲವನ್ನು ತೋರುವವನು. ಅರಸನ ಹಾರವನ್ನು ಅವನು ಕದಿಯುತ್ತಾನೆ. ಊರ ಕಾವಲಿನ ಅಧಿಕಾರಿಯಾದ ತಳಾರ ಯಮದಂಡನಿಗೆ ಅರಸನು ಏಳು ದಿನಗಳ ಗಡುವು ಕೊಡುತ್ತಾನೆ; ಅಷ್ಟರೊಳಗೆ ಕಳ್ಳನನ್ನು ತಂದೊಪ್ಪಿಸದಿದ್ದರೆ ಕಳ್ಳನಿಗೆ ವಿಧಿಸಬೇಕಾದ ದಂಡನೆ ತಳಾರನಿಗೆ. ಕದ್ದವನೊಬ್ಬ, ಹುಡುಕುವವನೊಬ್ಬ, ನಡುವೆ ಓಡುತ್ತಿರುವ ಕಾಲ. ಇಂದಿನ ಪತ್ತೇದಾರಿ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ. ಆದರೆ ಕಥೆಗಾರನ ಕಣ್ಣು ಇರುವುದು ಬೇರೆಡೆಯಲ್ಲಿ. ತಳಾರನು ಕಳ್ಳನನ್ನು ಯಾವ ಗುರುತಿನಿಂದ ಕಂಡುಹಿಡಿದನೆಂಬುದಕ್ಕೆ ಕಥೆ ಹೆಚ್ಚು ಬೆಲೆ ಕೊಡುವುದಿಲ್ಲ. ಹಿಡಿದು ತಂದವನನ್ನು ನಾನಾ ವಿಧವಾಗಿ ದಂಡಿಸಿದರೂ ಅವನು ತಪ್ಪನ್ನು ಒಪ್ಪುವುದಿಲ್ಲ. ತಳಾರನ ತಲೆಯ ಮೇಲೆ ದಂಡನೆ ಬೀಳುವ ಹೊತ್ತಿಗೆ ಅವನಾಗಿಯೇ ನಿಜವನ್ನು ನುಡಿಯುತ್ತಾನೆ. ಅವರಿಬ್ಬರೂ ಬಾಲ್ಯದ ಗೆಳೆಯರು, ಒಬ್ಬರಿಗೊಬ್ಬರು ಪಂಥ ಕಟ್ಟಿದವರು ಎಂಬುದು ಆಗ ತಿಳಿಯುತ್ತದೆ. ನಿಜ ಹೊರಬೀಳುವುದು ಸುಳಿವಿನಿಂದಲ್ಲ, ಒಪ್ಪಿಗೆಯಿಂದ. ಕೊನೆಯಲ್ಲಿ ಚೋರನು ವಿರಕ್ತನಾಗುತ್ತಾನೆ. ಕಥೆಗಾರನಿಗೆ ಬೇಕಾದುದೂ ಅದೇ.

ದುರ್ಗಸಿಂಹನು ೧೦೩೧ರ ಸುಮಾರಿನಲ್ಲಿ ರಚಿಸಿದ ಕನ್ನಡ ಪಂಚತಂತ್ರದಲ್ಲಿ ಮಾತ್ರ ಇದಕ್ಕಿಂತ ಬೇರೆಯಾದ ಒಂದು ಬೆಳಕು ಮಿಂಚಿ ಮರೆಯಾಗುತ್ತದೆ. ಧರ್ಮಬುದ್ಧಿ ದುಷ್ಟಬುದ್ಧಿಗಳೆಂಬ ಇಬ್ಬರು ವ್ಯಾಪಾರಿಗಳು ಸಂಪಾದಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಅದನ್ನು ತಾನೇ ಕದ್ದು ಗೆಳೆಯನ ಮೇಲೆ ದೂರು ಹೊರಿಸಿ, ಆ ಮರವೇ ತನಗೆ ಸಾಕ್ಷಿಯೆನ್ನುತ್ತಾನೆ. ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿಟ್ಟು ಮರ ಮಾತನಾಡಿತೆಂಬ ಭ್ರಮೆಯನ್ನು ಹುಟ್ಟಿಸುತ್ತಾನೆ. ಸಭೆಯವರು ಬೆರಗಾಗಿ ನಂಬುತ್ತಾರೆ. ಧರ್ಮಬುದ್ಧಿಯಾದರೊ ದೇವತೆ ಸುಳ್ಳು ಹೇಳಲಾರದೆಂದು ತರ್ಕಿಸಿ, ಮರದ ಸುತ್ತಲೂ ನೋಡಿ, ಮನುಷ್ಯರ ಸಂಚಾರವುಂಟೆಂಬುದನ್ನು ತಿಳಿದು, ಪೊಟರೆಗೆ ಹೊಗೆ ಹಾಕುತ್ತಾನೆ. ಮೋಸ ಬಯಲಾಗುತ್ತದೆ. ಊರೆಲ್ಲ ನಂಬಿದ ದೈವವಾಣಿಯನ್ನು ಒಬ್ಬ ಮನುಷ್ಯನು ನೆಲದ ಮೇಲಿನ ಗುರುತಿನಿಂದ ಪರೀಕ್ಷಿಸಿದನೆಂಬುದು ಸಾಮಾನ್ಯವಾದ ಮಾತಲ್ಲ. ಈ ಪುಟ್ಟ ಕಥೆಯನ್ನು ಕನ್ನಡದ ಪತ್ತೇದಾರಿ ಬರಹದ ದೂರದ ಪೂರ್ವಜವೆನ್ನಲು ಅಡ್ಡಿಯಿಲ್ಲ. ಆದರೆ ಅದರ ಸಂತತಿ ಬೆಳೆಯಲಿಲ್ಲ.

ಬೆಳೆಯದಿರುವುದಕ್ಕೆ ಕವಿಗಳ ಅಶಕ್ತಿ ಕಾರಣವಲ್ಲ. ಪತ್ತೇದಾರಿ ಕಥೆ ಹುಟ್ಟಬೇಕಾದರೆ ಅದಕ್ಕೆ ತಕ್ಕ ನ್ಯಾಯದ ವ್ಯವಸ್ಥೆ ಇರಬೇಕು. ಬಂಧಿಯನ್ನು ಹಿಂಸಿಸಿ ಒಪ್ಪಿಸಿಕೊಳ್ಳುವುದೇ ವಿಚಾರಣೆಯಾಗಿರುವ ನಾಡಿನಲ್ಲಿ ಸುಳಿವನ್ನು ಹುಡುಕುವವನಿಗೆ ಕೆಲಸವೇನಿದೆ? ಯೂರೋಪಿನಲ್ಲಿಯೂ ಹೀಗೆಯೇ ಇತ್ತು. ಲಂಡನ್ನಿನಲ್ಲಿ ಹೊಸ ಪೋಲೀಸು ಪಡೆ ಏರ್ಪಟ್ಟುದು ೧೮೨೯ರಲ್ಲಿ. ಅದರಲ್ಲಿ ಪತ್ತೆಯ ಕೆಲಸಕ್ಕೆಂದೇ ಪ್ರತ್ಯೇಕ ವಿಭಾಗ ಬಂದುದು ೧೮೪೨ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ೧೮೪೧ರಲ್ಲಿ, ಅಮೆರಿಕದ ಎಡ್ಗರ್ ಆಲನ್ ಪೋ ಎಂಬ ಕವಿ ಡ್ಯೂಪಾ ಎಂಬ ಪಾತ್ರವನ್ನು ಸೃಷ್ಟಿಸಿ, ಕೇವಲ ತರ್ಕದಿಂದ ಕೊಲೆಯ ರಹಸ್ಯವನ್ನು ಬಿಡಿಸುವ ಕಥೆಯನ್ನು ಬರೆದನು. ಕಾನನ್ ಡಾಯ್ಲನ ಷೆರ್ಲಾಕ್ ಹೋಮ್ಸ್ ಹುಟ್ಟಿದುದು ೧೮೮೭ರಲ್ಲಿ. ಭಾರತದಲ್ಲಿ ೧೮೭೨ರ ಸಾಕ್ಷ್ಯ ಕಾಯಿದೆಯು, ಆಪಾದಿತನು ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸಲ್ಲದೆಂದು ವಿಧಿಸಿತು. ಯಮದಂಡನ ಪದ್ಧತಿಗೆ ಕಾನೂನಿನ ಮಟ್ಟಿಗಾದರೂ ಅಲ್ಲಿಗೆ ಮುಕ್ತಾಯ. ಆ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಹೊಸ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ಈ ನಿಯಮ ಹಾಗೆಯೇ ಉಳಿದಿದೆ. ಕಾನೂನಿನ ಪುಸ್ತಕವನ್ನು ಸಾಮಾನ್ಯ ಜನ ಓದುವುದಿಲ್ಲ. ಅದರ ಹಿಂದಿರುವ ಭಾವನೆ ಅವರಿಗೆ ಮುಟ್ಟಬೇಕಾದರೆ ಕಥೆಯ ರೂಪದಲ್ಲಿಯೇ ಮುಟ್ಟಬೇಕು.

ವಿನೋದವೆಂದರೆ, ಇಂಗ್ಲಿಷಿನಲ್ಲಿ ಈ ಸಾಹಿತ್ಯ ಬೆಳೆಯುವಾಗ ಕನ್ನಡನಾಡಿನ ನೆಲವೂ ಅದಕ್ಕೆ ವಸ್ತುವನ್ನು ಒದಗಿಸಿತು. ೧೮೩೯ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಹೆಸರಾದ ಫಿಲಿಪ್ ಮೆಡೋಸ್ ಟೇಲರನು ನಿಜಾಮನ ಸೇವೆಯಲ್ಲಿದ್ದವನು. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತ ಬಹುಕಾಲ ಅಲ್ಲಿಯೇ ಇದ್ದನು. ೧೮೬೮ರಲ್ಲಿ ವಿಲ್ಕಿ ಕಾಲಿನ್ಸ್ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಿಗೆ ಹಿರಿಯಣ್ಣನೆನಿಸಿದೆ. ಅದು ಮೊದಲಾಗುವುದು ೧೭೯೯ರ ಮೇ ೪ರಂದು ನಡೆದ ಶ್ರೀರಂಗಪಟ್ಟಣದ ಲಗ್ಗೆಯಿಂದ. ಟೀಪುವಿನ ಅರಮನೆಯಲ್ಲಿ ಕಾವಲಿನವರನ್ನು ಕೊಂದು ಇಂಗ್ಲಿಷ್ ಸೈನಿಕನೊಬ್ಬನು ವಜ್ರವನ್ನು ಅಪಹರಿಸುತ್ತಾನೆ. ಆ ಪಾಪ ಇಂಗ್ಲೆಂಡಿನ ಮನೆಯೊಂದನ್ನು ಹೊಗುತ್ತದೆ. ಕಥೆಯನ್ನು ಹಲವರು ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಪ್ರತಿಯೊಬ್ಬನೂ ತಾನು ಕಂಡಷ್ಟನ್ನೇ ಹೇಳತಕ್ಕದ್ದು. ನ್ಯಾಯಾಲಯದ ಶಿಸ್ತು ಕಥೆಯ ಶಿಸ್ತಾದುದು ಹೀಗೆ.

ಭಾರತೀಯ ಭಾಷೆಗಳಲ್ಲಿ ಈ ಪ್ರಕಾರವನ್ನು ಮೊದಲು ಹುರುಪಿನಿಂದ ಬರಮಾಡಿಕೊಂಡುದು ಬಂಗಾಳಿ. ಕಲ್ಕತ್ತೆಯ ಪೋಲೀಸಿನಲ್ಲಿ ಅಧಿಕಾರಿಯಾಗಿದ್ದ ಪ್ರಿಯನಾಥ ಮುಖೋಪಾಧ್ಯಾಯರು ೧೮೯೨ರಿಂದ ‘ದಾರೋಗಾರ್ ದಪ್ತರ್’ ಎಂಬ ಮಾಲೆಯಲ್ಲಿ ತಮ್ಮ ಅನುಭವದ ಕಥೆಗಳನ್ನು ಹೊರತಂದರು. ಹಿಂದಿಯಲ್ಲಿ ಗೋಪಾಲರಾಮ ಗಹಮರಿಯವರು ೧೯೦೦ರಲ್ಲಿ ‘ಜಾಸೂಸ್’ ಎಂಬ ಮಾಸಪತ್ರಿಕೆಯನ್ನೇ ತೆಗೆದರು. ಕನ್ನಡದಲ್ಲಿ ನಡೆದುದು ಸ್ವಲ್ಪ ವಿಚಿತ್ರವಾಗಿದೆ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ಯನ್ನು ೧೮೯೯ರಲ್ಲಿ ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರೂ ಪೋಲೀಸು ಇಲಾಖೆಯಲ್ಲಿದ್ದವರೇ. ಕಳ್ಳರನ್ನೂ ಕೊಲೆಗಾರರನ್ನೂ ಕಣ್ಣಾರೆ ಕಂಡ ಆ ಅಧಿಕಾರಿ ಲೇಖನಿ ಹಿಡಿದಾಗ ಬರೆದುದು ಬಾಲವಿಧವೆಯ ಬಾಳನ್ನು ಕುರಿತು, ಧರ್ಮದ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರವನ್ನು ಕುರಿತು. ಆ ಕಾಲದ ಕನ್ನಡ ಲೇಖಕರಿಗೆ ಸಮಾಜದ ತಿದ್ದುಪಡಿಯೇ ಮುಖ್ಯ ಚಿಂತೆಯಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮೈಸೂರಿನಲ್ಲಿ ‘ತಾತಯ್ಯ’ನೆಂದು ಜನರ ಪ್ರೀತಿಗೆ ಪಾತ್ರರಾದ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೋದ್ಯಮದಲ್ಲಿಯೂ ವಿದ್ಯಾಪ್ರಸಾರದಲ್ಲಿಯೂ ದುಡಿದವರು. ಅವರ ಗ್ರಂಥಗಳಲ್ಲಿ ‘ಚೋರಗ್ರಹಣ ತಂತ್ರ’ ಎಂಬುದೊಂದುಂಟು. ಕನ್ನಡದಲ್ಲಿ ಈ ಪ್ರಕಾರದ ಆರಂಭವನ್ನು ಗುರುತಿಸುವಾಗ ಅದರ ಹೆಸರು ಬರುವುದುಂಟು. ಅಂತಹ ಗಂಭೀರ ಸ್ವಭಾವದ ದೇಶಭಕ್ತರಿಗೂ ಕಳ್ಳನನ್ನು ಹಿಡಿಯುವ ಉಪಾಯದ ವಿಚಾರ ಹಗುರವೆಂದು ತೋರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

‘ಪತ್ತೇದಾರ’ನೆಂಬ ಮಾತನ್ನೂ ಇಲ್ಲಿ ಸ್ವಲ್ಪ ವಿಚಾರಿಸಬಹುದು. ಹಳಗನ್ನಡದ ‘ತಳಾರ’ ಬಳಕೆಯಿಂದ ಬಿದ್ದುಹೋದ ಮೇಲೆ, ಹಿಂದೂಸ್ಥಾನಿ ಮ೦ದಿಯಿಂದ ಬಂದ ‘ಪತ್ತೆ’ಗೆ ಜಮೀನ್ದಾರ, ಹವಾಲ್ದಾರ ಮುಂತಾದ ಮಾತುಗಳಲ್ಲಿರುವ ‘ದಾರ’ವೆಂಬ ಪಾರಸಿ ಪ್ರತ್ಯಯ ಸೇರಿ ಈ ಮಾತು ಸಿದ್ಧವಾಯಿತು. ತಳಾರನಿಗೂ ಪತ್ತೇದಾರನಿಗೂ ಭೇದವುಂಟು. ತಳಾರನು ಅರಸನ ಅಧಿಕಾರದಿಂದ ಕಳ್ಳನನ್ನು ಹಿಡಿಯುವವನು. ಪತ್ತೇದಾರನು ಪತ್ತೆಯಿಂದ ಹಿಡಿಯುವವನು. ಹೊಸ ಕೆಲಸಕ್ಕೆ ಹೊಸ ಹೆಸರು ಬೇಕಾಗಿದ್ದಿತು.

ಈ ಹೆಸರನ್ನು ಮನೆಮಾತಾಗಿ ಮಾಡಿದವರು ಎನ್. ನರಸಿಂಹಯ್ಯನವರು. ೧೯೨೫ರಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತುದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಹೊಟ್ಟೆಯ ಪಾಡಿಗಾಗಿ ಬಸ್ಸಿನ ಕಂಡಕ್ಟರಿಕೆಯೇ ಮೊದಲಾದ ಕೆಲಸಗಳನ್ನು ಮಾಡಿದರು. ೧೯೫೨ರಲ್ಲಿ ಅವರ ‘ಪತ್ತೇದಾರ ಪುರುಷೋತ್ತಮ’ ಹೊರಬಂದಿತು. ಅಲ್ಲಿಂದ ಮುಂದೆ ೨೦೧೧ರಲ್ಲಿ ತೀರಿಕೊಳ್ಳುವವರೆಗಿನ ಬಾಳಿನಲ್ಲಿ ಅವರು ಬರೆದ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರುತ್ತದೆ. ೧೯೫೧ರ ಜನಗಣತಿಯಂತೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಹದಿನೆಂಟು ಜನರು ಮಾತ್ರ. ಹೊಸದಾಗಿ ಓದು ಕಲಿತವನ ಕೈಗೆ ಮೊದಲನೆಯ ಪುಸ್ತಕವಾಗಿ ಪಂಡಿತರ ಗ್ರಂಥವನ್ನು ಕೊಟ್ಟರೆ ಅವನು ಎರಡನೆಯ ಪುಟವನ್ನು ತಿರುವುವುದು ಸಂದೇಹ. ನಾಲ್ಕನೆಯ ತರಗತಿಯವರೆಗೆ ಓದಿದವನು ಬರೆದುದನ್ನು ನಾಲ್ಕನೆಯ ತರಗತಿಯವರೆಗೆ ಓದಿದವನು ಕಷ್ಟವಿಲ್ಲದೆ ಓದಿದನು. ಒಂದನ್ನು ಮುಗಿಸಿ ಇನ್ನೊಂದನ್ನು ಕೇಳಿದನು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು, ಬಸ್ಸು ರೈಲುಗಳ ನಿಲ್ದಾಣದ ಗೂಡಂಗಡಿಗಳು ಈ ಓದನ್ನು ನಾಡಿನುದ್ದಕ್ಕೂ ಹರಡಿದವು.

ನರಸಿಂಹಯ್ಯನವರ ನಾಯಕರ ಹೆಸರುಗಳು ವಿಚಾರಕ್ಕೆ ಯೋಗ್ಯವಾಗಿವೆ. ಪುರುಷೋತ್ತಮ, ಮಧುಸೂದನ, ಅರಿಂಜಯ. ಮೊದಲನೆಯ ಎರಡೂ ವಿಷ್ಣುವಿನ ನಾಮಗಳು. ಮೂರನೆಯದು ಹಗೆಗಳನ್ನು ಗೆಲ್ಲುವವನೆಂಬ ಅರ್ಥದ ಮಾತು. ಹರಿಕಥೆಯಲ್ಲಿ ದುಷ್ಟನಿಗ್ರಹವನ್ನು ಕೇಳಿ ತಣಿದ ಜನಕ್ಕೆ ಹೊಸ ಕಾಲದ ದುಷ್ಟನಿಗ್ರಹಕನನ್ನು ಪರಿಚಯ ಮಾಡಿಕೊಡಲು ಇದಕ್ಕಿಂತ ಸರಿಯಾದ ದಾರಿಯಿರಲಿಲ್ಲ. ಭೇದವಿಷ್ಟೆ: ಪುರಾಣದ ಮಧುಸೂದನನು ಚಕ್ರದಿಂದ ಕೊಲ್ಲುವನು, ಕಾದಂಬರಿಯ ಮಧುಸೂದನನು ಪುರಾವೆಯನ್ನು ತೋರಿಸಿ ಕಾನೂನಿನ ಕೈಗೆ ಒಪ್ಪಿಸುವನು. ಸಂದೇಹ ಬಂದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ, ಮೊದಲು ಸಂದೇಹಕ್ಕೆ ಒಳಗಾದವನು ಕೊನೆಯಲ್ಲಿ ನಿರಪರಾಧಿಯಾಗುವುದೇ ಹೆಚ್ಚು ಎಂಬುದು ಇಂತಹ ಕಥೆಗಳ ಓದುಗನಿಗೆ ಹತ್ತಾರು ಪುಸ್ತಕಗಳ ಬಳಕೆಯಿಂದ ರಕ್ತಗತವಾಗುತ್ತದೆ. ಇದು ಸಣ್ಣ ವಿದ್ಯೆಯಲ್ಲ.

ಈ ಕಾದಂಬರಿಗಳಲ್ಲಿ ದೋಷಗಳಿಲ್ಲವೆಂದು ಹೇಳಲಾಗದು. ಐನೂರು ಪುಸ್ತಕಗಳನ್ನು ಬರೆಯುವ ಲೇಖನಿ ಪ್ರತಿಯೊಂದು ವಾಕ್ಯವನ್ನೂ ತೂಗಿ ನೋಡುವುದು ಅಸಾಧ್ಯ. ಪಾತ್ರಗಳು ಒಂದರಂತೆ ಇನ್ನೊಂದಿರುತ್ತವೆ. ಆಕಸ್ಮಿಕಗಳು ಅಗತ್ಯಕ್ಕಿಂತ ಹೆಚ್ಚಾಗಿ ನಾಯಕನ ನೆರವಿಗೆ ಬರುತ್ತವೆ. ಆದರೆ ದೋಷವುಳ್ಳದ್ದನ್ನು ವಿಮರ್ಶಿಸಿ ತಿದ್ದುವುದು ಒಂದು ಮಾತು, ಎಣಿಕೆಗೇ ತಾರದೆ ಬಿಡುವುದು ಇನ್ನೊಂದು ಮಾತು. ಬಂಗಾಳದಲ್ಲಿ ಏನಾಯಿತೆಂಬುದನ್ನು ನೋಡಬಹುದು. ಶರದಿಂದು ಬಂದ್ಯೋಪಾಧ್ಯಾಯರು ಐತಿಹಾಸಿಕ ಕಾದಂಬರಿಗಳಿಂದ ಮಾನ್ಯರಾದವರು. ಅವರೇ ೧೯೩೨ರಿಂದ ಬ್ಯೋಮಕೇಶನ ಕಥೆಗಳನ್ನು ಬರೆದರು. ಸತ್ಯಜಿತ್ ರಾಯರು ಚಲನಚಿತ್ರದಿಂದ ಲೋಕಪ್ರಸಿದ್ಧರಾದ ಮೇಲೆಯೂ ೧೯೬೫ರಲ್ಲಿ ಮಕ್ಕಳ ಪತ್ರಿಕೆಗಾಗಿ ಫೆಲೂದಾನನ್ನು ಸೃಷ್ಟಿಸಿದರು. ಹಿರಿಯರು ಬರೆದರು, ಮನೆಯವರೆಲ್ಲ ಬಹಿರಂಗವಾಗಿ ಓದಿದರು. ಅವು ಇಂದಿಗೂ ಅಚ್ಚಾಗುತ್ತಿವೆ. ಕನ್ನಡದಲ್ಲಿ ಹಿರಿಯರು ದೂರ ನಿಂತರು, ಕಿರಿಯರು ಕದ್ದು ಓದಿದರು.

ಹಾಗೆಂದು ಈ ಪ್ರವಾಹ ನಿಲ್ಲಲಿಲ್ಲ. ಟಿ. ಕೆ. ರಾಮರಾಯರು ‘ಸೀಳು ನಕ್ಷತ್ರ’, ‘ಕೋವಿ ಕುಂಚ’ ಮುಂತಾದ ಕುತೂಹಲದ ಕಾದಂಬರಿಗಳನ್ನು ಹದವಾದ ಭಾಷೆಯಲ್ಲಿ ಬರೆದು, ಮಧ್ಯಮವರ್ಗದ ಮನೆಗಳಲ್ಲಿ ಈ ಪ್ರಕಾರಕ್ಕೆ ಮರ್ಯಾದೆಯನ್ನು ತಂದರು. ೧೯೭೨ರಲ್ಲಿ ಚಲನಚಿತ್ರವಾಗಿ ನಾಡನ್ನೆಲ್ಲ ಸೆಳೆದ ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿಯೂ ಅವರದೇ. ೧೯೬೫ರಲ್ಲಿ ಆರಂಭವಾದ ‘ಸುಧಾ’, ೧೯೮೩ರಲ್ಲಿ ಆರಂಭವಾದ ‘ತರಂಗ’ ಮೊದಲಾದ ವಾರಪತ್ರಿಕೆಗಳು ಧಾರಾವಾಹಿಗಳ ಮೂಲಕ ವಾರ ವಾರವೂ ಓದುಗರನ್ನು ಕಾಯುವಂತೆ ಮಾಡಿದವು.

ಇಷ್ಟಾದ ಮೇಲೆ ಪೂರ್ಣಚಂದ್ರ ತೇಜಸ್ವಿಯವರು ಬಂದರು. ಹಾರುವ ಓತಿಯೊಂದನ್ನು ಹುಡುಕಿ ಹೊರಡುವ ‘ಕರ್ವಾಲೊ’ (೧೯೮೦) ಕಾದಂಬರಿಯಲ್ಲಿ ಅಪರಾಧವಿಲ್ಲದಿದ್ದರೂ ಪತ್ತೆಯ ಕುತೂಹಲವಿದೆ. ೧೯೮೫ರ ‘ಚಿದಂಬರ ರಹಸ್ಯ’ದಲ್ಲಿ ಅವರು ಪತ್ತೇದಾರಿ ಚೌಕಟ್ಟನ್ನು ನೇರವಾಗಿಯೇ ತೆಗೆದುಕೊಂಡರು. ಮಲೆನಾಡಿನ ಕೆಸರೂರು, ಕುಸಿಯುತ್ತಿರುವ ಏಲಕ್ಕಿಯ ಬೆಳೆ, ಸಂಶೋಧಕನೊಬ್ಬನ ಸಾವು, ಗುಟ್ಟನ್ನು ತಿಳಿಯಲು ಬಂದ ಅಧಿಕಾರಿ. ತನಿಖೆ ಮುಂದುವರಿದಂತೆ ಒಬ್ಬ ಅಪರಾಧಿಯನ್ನು ಬೆರಳು ಮಾಡಿ ತೋರಿಸುವುದು ಕಷ್ಟವಾಗುತ್ತದೆ. ಕಾಡಿನ ನಾಶ, ಲಾಭದ ಆಸೆ, ಜಾತಿಯ ಹಗೆ, ಮೂಢನಂಬಿಕೆ ಇವೆಲ್ಲ ಕೂಡಿ ಊರನ್ನು ದುರಂತದ ಕಡೆಗೆ ನೂಕುತ್ತವೆ. ಈ ಕೃತಿಗೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೧೯೯೪ರ ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ದಂಪತಿಗಳು ಒಂದೇ ದಿನದಲ್ಲಿ ಅಪಾಯದ ಸುಳಿಯೊಳಗೆ ಸಿಕ್ಕುತ್ತಾರೆ, ಹಳೆಯ ಕಾವ್ಯವೊಂದು ನಿಧಿಯ ಸುಳಿವಾಗುತ್ತದೆ. ಕದ್ದು ಓದುತ್ತಿದ್ದ ಪುಸ್ತಕದ ಬಂಧುವೊಂದು ಸಭೆಯ ನಡುವೆ ಕುಳಿತುದು ಹೀಗೆ.

ಈಚಿನವರಲ್ಲಿ ಕೃಷಿವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ಇತಿಹಾಸವನ್ನೇ ರಹಸ್ಯದ ವಸ್ತುವನ್ನಾಗಿ ಮಾಡಿಕೊಂಡಿದ್ದಾರೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆ, ಆಗಿದ್ದರೆ ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಹೇಗೆ ಬಂದಿತು ಎಂಬುದು ವಿದ್ವಾಂಸರಲ್ಲಿ ವಿವಾದಕ್ಕೆ ಒಳಗಾದ ಪ್ರಶ್ನೆ. ‘ಕನಕ ಮುಸುಕು’ ಅದರ ಸುತ್ತ ಹೆಣೆದ ಕಾದಂಬರಿ. ‘ಕರಿಸಿರಿಯಾನ’ವು ೧೫೬೫ರ ಸೋಲಿನ ಬಳಿಕ ಆನೆಗಳ ಮೇಲೆ ಹೊರಟ ವಿಜಯನಗರದ ಐಶ್ವರ್ಯದ ಬೆನ್ನು ಹತ್ತುತ್ತದೆ. ಕಥೆಯೊಡನೆ ಚಿತ್ರಗಳನ್ನೂ ಆಧಾರಗಳನ್ನೂ ಕೊಡುವುದು ಅವರ ರೂಢಿ. ಇಂತಹ ಕೃತಿಗಳನ್ನು ಓದುವಾಗ ಆಧಾರ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಮೊದಲಾಯಿತೆಂಬುದನ್ನು ಓದುಗನೇ ಗುರುತಿಸಿಕೊಳ್ಳಬೇಕು. ಇಲ್ಲದಿದ್ದರೆ ಬೆಂದ ಕಾಳಿನ ಇನ್ನೊಂದು ಕಥೆ ಹುಟ್ಟೀತು. ಅನುಷ್ ಶೆಟ್ಟಿಯವರಂತಹ ತರುಣರು ‘ನೀನು ನಿನ್ನೊಳಗೆ ಖೈದಿ’ ಮೊದಲಾದ ಕಾದಂಬರಿಗಳಿಂದ ಹೊಸ ತಲೆಮಾರಿನ ಓದುಗರನ್ನು ಈ ಪ್ರಕಾರದ ಕಡೆಗೆ ಎಳೆಯುತ್ತಿದ್ದಾರೆ.

ಅಪರಾಧದ ಕಥೆಗಳನ್ನು ಓದಿದರೆ ಅಪರಾಧಬುದ್ಧಿ ಹುಟ್ಟದೆ ಎಂಬ ಆಕ್ಷೇಪಣೆ ಹಳೆಯದು. ಅದಕ್ಕೆ ಉತ್ತರವನ್ನು ಲೋಕದ ನಡವಳಿಕೆಯಲ್ಲಿಯೇ ಹುಡುಕಬಹುದು. ೨೦೧೮ರ ಮೇ ತಿಂಗಳಲ್ಲಿ, ಇಂತಹ ಬೇಸಗೆಯಲ್ಲಿಯೇ, ಮಕ್ಕಳ ಕಳ್ಳರು ಊರಿಗೆ ಬಂದಿರುವರೆಂಬ ಗಾಳಿಮಾತು ಮೊಬೈಲು ಫೋನುಗಳ ಮೂಲಕ ಹಬ್ಬಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಜನರು ಹೊಡೆದು ಕೊಂದರು. ಅಲ್ಲಿ ಕದ್ದ ಮಗು ಇರಲಿಲ್ಲ, ಕಂಡ ಸಾಕ್ಷಿ ಇರಲಿಲ್ಲ, ಹೇಳಿಕೆಯೊಂದು ಇದ್ದಿತು. ಮರ ಮಾತನಾಡಿತೆಂದು ನಂಬಿದ ಸಭೆಗೂ ಆ ಗುಂಪಿಗೂ ಎಷ್ಟು ದೂರ? ಅಂತಹ ಗುಂಪಿನ ನಡುವೆ ನಿಂತು, ಮಗು ಯಾರದು, ಕಂಡವರು ಯಾರು ಎಂದು ಕೇಳುವ ಒಬ್ಬನಾದರೂ ಇರಬೇಕಾದರೆ ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಜನಕ್ಕೆ ಮೊದಲೇ ಆಗಿರಬೇಕು. ಪತ್ತೇದಾರಿ ಕಾದಂಬರಿಯೊಂದರಿಂದಲೇ ಆ ಅಭ್ಯಾಸ ಬರುವುದೆಂದು ಯಾರೂ ಹೇಳಲಾರರು. ಆದರೆ ಆ ಅಭ್ಯಾಸವನ್ನು ಸಂತೋಷದ ಮೂಲಕ ಕಲಿಸುವ ಬರಹ ಇದೊಂದಾದುದರಿಂದ ಇದನ್ನು ಹೀನೈಸುವುದು ಯುಕ್ತವಲ್ಲ.

ಹೀನೈಸಿದುದರ ಫಲವೂ ಈಗ ಕಣ್ಣಿಗೆ ಬೀಳುತ್ತಿದೆ. ಅಗ್ಗದ ಕಾಗದದ ಮೇಲೆ ಅಚ್ಚಾದ ಆ ಪುಸ್ತಕಗಳ ಹಾಳೆಗಳು ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಗಿವೆ. ಬಾಡಿಗೆಯ ಪುಸ್ತಕದಂಗಡಿಗಳು ಬಹುಮಟ್ಟಿಗೆ ಮುಚ್ಚಿವೆ. ಅವುಗಳ ಸರಕು ರದ್ದಿಗೆ ಹೋಗಿದೆ. ೧೯೫೪ರ ಕಾನೂನಿನಂತೆ ಪ್ರಕಾಶಕರು ಪ್ರತಿಯೊಂದು ಪುಸ್ತಕದ ಪ್ರತಿಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕಡೆಗಳಿಗೆ ಕಳುಹಿಸತಕ್ಕದ್ದು. ಸಣ್ಣ ಪ್ರಕಾಶಕರೆಲ್ಲರೂ ಇದನ್ನು ಪಾಲಿಸಿದರೆಂದು ನಂಬಿ ಕೂಡುವಂತಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ನಾಡಿನಲ್ಲಿ ಗ್ರಂಥಾಲಯಗಳು ಹೆಚ್ಚಿದರೂ ಈ ಬಗೆಯ ಪುಸ್ತಕವನ್ನು ಜತನವಾಗಿ ಕಾಪಾಡಬೇಕೆಂಬ ಬುದ್ಧಿ ಹುಟ್ಟಲಿಲ್ಲ. ಒಂದು ಕಾಲದ ಕನ್ನಡಿಗರು ಏನನ್ನು ಓದಿ ಓದುಗರಾದರೆಂಬ ಪ್ರಶ್ನೆಗೆ ಮುಂದಿನ ಚರಿತ್ರಕಾರನು ಉತ್ತರ ಹುಡುಕಿದಾಗ ಪುಸ್ತಕವೇ ಇರದಿದ್ದರೆ ಅವನು ಯಾವ ಸುಳಿವಿನ ಬೆನ್ನು ಹತ್ತಬೇಕು?

ಇದಕ್ಕೆ ದೊಡ್ಡ ವೆಚ್ಚದ ಯೋಜನೆ ಬೇಕಾಗಿಲ್ಲ. ರಜೆಯಲ್ಲಿ ಅಟ್ಟದ ಪೆಟ್ಟಿಗೆಗಳನ್ನು ತೆಗೆದು ನೋಡುವ ಮನೆಗಳು ಹಳೆಯ ಪತ್ತೇದಾರಿ ಕಾದಂಬರಿ ಸಿಕ್ಕಿದಲ್ಲಿ ರದ್ದಿಗೆ ಹಾಕದೆ, ಹೆಸರು, ಕರ್ತೃ, ಪ್ರಕಾಶಕ, ಅಚ್ಚಾದ ವರ್ಷ ಇವಿಷ್ಟನ್ನು ಬರೆದಿಟ್ಟು ಹತ್ತಿರದ ಸಾಹಿತ್ಯ ಸಂಘಕ್ಕೆ ತಿಳಿಸಿದರೆ ಸಾಕು. ಅಂತಹ ಪಟ್ಟಿಗಳು ಹತ್ತು ಊರುಗಳಿಂದ ಬಂದರೆ ಒಂದು ಗ್ರಂಥಸೂಚಿಯಾಗುತ್ತದೆ. ಪುಸ್ತಕಗಳೇ ಬಂದರೆ ಒಂದು ಕಪಾಟಾಗುತ್ತದೆ. ಮಕ್ಕಳ ಕೈಗೆ ‘ಜುಗಾರಿ ಕ್ರಾಸ್’ ಅನ್ನು ಕೊಡುವ ಮನೆಯವರು, ಅದು ಮುಗಿದ ಮೇಲೆ ಒಂದು ಸಂಜೆ ಅವರನ್ನು ಬೇಗೂರಿಗೆ ಕರೆದುಕೊಂಡು ಹೋಗಿ ನಾಗೇಶ್ವರನ ಗುಡಿಯಲ್ಲಿರುವ ಕಲ್ಲನ್ನೂ ತೋರಿಸಬಹುದು. ಸಿಂಗಸಂದ್ರದಿಂದ ಅಲ್ಲಿಗೆ ಕೆಲವೇ ಮೈಲಿಯ ದಾರಿ.